ಪ್ರಿಂಟರಿಗೆ ಗಾಳಿ ಬೇಡ, ನಮಗೆ ಬೇಕು

ಚನ್ನಪಟ್ಟಣದ ಬೊಂಬೆ ಕೆಲಸಕ್ಕೆ ಒಲೆ ಬೇಕಿಲ್ಲ. ಲೇತಿನಲ್ಲಿ ಗಿರ್ರನೆ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಸಾಕು, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಒತ್ತಿದರೆ ಹೊಳಪು. ಅರಗು ಕರಗಲು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಸಾಕು, ಕಾಫಿಗೆ ನೀರು ಕುದಿಸುವಷ್ಟೂ ಬೇಡ.

ತ್ರೀಡಿ ಪ್ರಿಂಟರ್ ಕೂಡ ಕರಗಿಸಿ ಹಚ್ಚುವ ಯಂತ್ರವೇ. ಸುರುಳಿ ಸುತ್ತಿದ ಪ್ಲಾಸ್ಟಿಕ್ ದಾರ, ಅಂದರೆ ಫಿಲಮೆಂಟ್, ಬಿಸಿ ಮೂತಿಯೊಳಗೆ ಕರಗಿ, ಚಕ್ಕುಲಿ ಒರಳಿನಿಂದ ಹಿಟ್ಟು ಇಳಿದ ಹಾಗೆ ಪದರದ ಮೇಲೆ ಪದರವಾಗಿ ಇಳಿಯುತ್ತದೆ. ವ್ಯತ್ಯಾಸ ಇರುವುದು ಬಿಸಿಯಲ್ಲಿ. ಮೆಕ್ಕೆಜೋಳದಂಥ ಬೆಳೆಯಿಂದ ತಯಾರಾಗುವ ಪಿಎಲ್‌ಎಗೆ ಸುಮಾರು 200 ಡಿಗ್ರಿ ಬೇಕು. ಗಟ್ಟಿಮುಟ್ಟಾದ ಎಬಿಎಸ್‌ಗೆ 230ರಿಂದ 250. ಆ ಬಿಸಿಯಲ್ಲಿ ಪ್ಲಾಸ್ಟಿಕ್ಕಿನ ಒಂದಂಶ ಬೊಂಬೆಯಾಗುವುದಿಲ್ಲ, ಗಾಳಿಗೆ ಸೇರುತ್ತದೆ.

ಎಷ್ಟು ಸೇರುತ್ತದೆ ಎಂದು 2013ರಲ್ಲಿ ಅಮೆರಿಕದ ಇಲಿನಾಯ್ ತಂತ್ರಜ್ಞಾನ ಸಂಸ್ಥೆಯವರು ಮೇಜಿನ ಮೇಲಿಡುವ ಪ್ರಿಂಟರುಗಳನ್ನೇ ಇಟ್ಟುಕೊಂಡು ಅಳೆದರು. ಪಿಎಲ್‌ಎ ಹಾಕಿದಾಗ ನಿಮಿಷಕ್ಕೆ ಸುಮಾರು 2,000 ಕೋಟಿ ಅತಿಸೂಕ್ಷ್ಮ ಕಣಗಳು, ಎಬಿಎಸ್ ಹಾಕಿದಾಗ ಸುಮಾರು 20,000 ಕೋಟಿ. ಮೀಟರಿನ ಒಂದು ಕೋಟಿಯಲ್ಲೊಂದು ಭಾಗದಷ್ಟೂ ಅಗಲವಿಲ್ಲದ ಕಣಗಳಿವು. ಮೂಗಿನ ಕೂದಲಿಗೆ ಸಿಗದೆ ಶ್ವಾಸಕೋಶದ ತಳದ ಗಾಳಿಚೀಲದವರೆಗೂ ಇಳಿಯಬಲ್ಲವು. ಹಾಗೆಂದು ಅಂಕಿ ನೋಡಿ ಹೌಹಾರಬೇಕಿಲ್ಲ, ಅಡುಗೆ ಒಲೆಯೂ ಇಂಥ ಕಣ ಉಗುಳುತ್ತದೆ. ಆದರೆ ಒಗ್ಗರಣೆ ಐದು ನಿಮಿಷದ ಕೆಲಸ, ಬೊಂಬೆಯ ಪ್ರಿಂಟ್ ಎಂಟು ಹತ್ತು ಗಂಟೆ ಓಡುತ್ತದೆ.

ಕಣದ ಜೊತೆಗೆ ಅನಿಲವೂ ಇದೆ. ಎಬಿಎಸ್ ಕರಗುವಾಗ ಸ್ಟೈರೀನ್ ಹೊರಬೀಳುತ್ತದೆ ಎಂದು ಅದೇ ಸಂಸ್ಥೆಯ 2016ರ ಅಧ್ಯಯನ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಸ್ಟೈರೀನನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಮೇಲಿನ ಪಟ್ಟಿಗೆ ಏರಿಸಿತು. ಅದೇ ವರ್ಷ ಯುಎಲ್ ಎಂಬ ಸುರಕ್ಷತಾ ಸಂಸ್ಥೆ ಮತ್ತು ಜಾರ್ಜಿಯಾ ಟೆಕ್ ಸೇರಿ ನಡೆಸಿದ ಪರೀಕ್ಷೆಯಲ್ಲಿ ಇಂಥ ಪ್ರಿಂಟರುಗಳಿಂದ 200ಕ್ಕೂ ಹೆಚ್ಚು ಬಗೆಯ ಆವಿರೂಪದ ರಾಸಾಯನಿಕಗಳು ಸಿಕ್ಕವು.

ಇನ್ನು ಮನುಷ್ಯರ ಮಾತು. ಕೆನಡಾದ ವೈದ್ಯರು 2017ರಲ್ಲಿ 28 ವರ್ಷದ ಒಬ್ಬನ ಕತೆ ಬರೆದರು. ಸಣ್ಣ ಕೋಣೆಯಲ್ಲಿ ಹತ್ತು ಪ್ರಿಂಟರ್ ಇಟ್ಟುಕೊಂಡು ಎಬಿಎಸ್‌ನಲ್ಲಿ ಸ್ವಂತ ವ್ಯಾಪಾರ ಶುರುಮಾಡಿದವ. ಕೆಲ ದಿನಗಳಲ್ಲೇ ಎದೆ ಬಿಗಿತ, ಉಬ್ಬಸ. ಚಿಕ್ಕಂದಿನಲ್ಲಿ ಇದ್ದು ಹೋಗಿದ್ದ ಆಸ್ತಮಾ ಮರಳಿತ್ತು. ಯಂತ್ರಗಳನ್ನು ಐದಕ್ಕೆ ಇಳಿಸಿ, ಫಿಲಮೆಂಟ್ ಬದಲಿಸಿ, ಗಾಳಿ ಸೋಸುವ ಯಂತ್ರ ಇಟ್ಟ ಮೇಲೆ ಸುಧಾರಿಸಿದ. ಒಬ್ಬನ ಕಾಯಿಲೆ ಲೋಕಕ್ಕೆಲ್ಲ ಪುರಾವೆಯಲ್ಲ, ಒಪ್ಪುತ್ತೇನೆ. ಆದರೆ ಚನ್ನಪಟ್ಟಣದ ಕಲಾನಗರದಂಥ ಕಡೆ ಮನೆಯ ಮುಂಗೋಣೆಯೇ ಕಾರ್ಖಾನೆ ಎಂಬುದು ನೆನಪಾದಾಗ ಆ ಸಣ್ಣ ಕೋಣೆ ನನಗೆ ಪರಿಚಿತವಾಗಿ ಕಾಣುತ್ತದೆ.

ನಮ್ಮ ಜಿಲ್ಲೆಗೆ ಇಂಥದ್ದು ಹೊಸದೂ ಅಲ್ಲ. ರಾಮನಗರ, ಕನಕಪುರದ ಕಡೆ ರೇಷ್ಮೆ ನೂಲು ಬಿಚ್ಚುವವರ ಮನೆಗೆ ಹೋದವರಿಗೆ ಆ ಹಬೆ, ಬೆಂದ ಗೂಡಿನ ವಾಸನೆ ಗೊತ್ತು. ಕರ್ನಾಟಕದ ನೂಲು ಬಿಚ್ಚಾಣಿಕೆ ಘಟಕಗಳ ಕೆಲಸಗಾರರಲ್ಲಿ ಕಸುಬಿನಿಂದ ಬರುವ ಆಸ್ತಮಾ ಇದೆ ಎಂಬ ಅಧ್ಯಯನ 1985ರಲ್ಲೇ ಪ್ರಕಟವಾಗಿತ್ತು. ವೈದ್ಯ ಪತ್ರಿಕೆಯಲ್ಲಿ ಅಚ್ಚಾಗಿದ್ದು ಬಿಚ್ಚಾಣಿಕೆ ಮನೆಯ ಕಿಟಕಿಯವರೆಗೆ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಈಗ ಒಳ್ಳೆಯ ಮೊಬೈಲ್ ಫೋನಿನ ಬೆಲೆಗೆ ತ್ರೀಡಿ ಪ್ರಿಂಟರ್ ಸಿಗುತ್ತಿದೆ. ಹಾಲೆ ಮರಕ್ಕೆ ಕಾಯಬೇಕಿಲ್ಲ, ಲೇತಿನ ಮುಂದೆ ವರ್ಷಗಟ್ಟಲೆ ಕೂತು ಕೈ ಪಳಗಬೇಕಿಲ್ಲ. ಬೊಂಬೆ ಮನೆಯ ಹುಡುಗ ನಾಳೆ ಒಂದನ್ನು ತಂದರೆ ತಪ್ಪೆನ್ನಲಾರೆ. ಲೇತ್ ಇದ್ದ ಮೂಲೆಯಲ್ಲೇ ಅದನ್ನು ಇಡುತ್ತಾನೆ. ಪ್ರಿಂಟ್ ಮುಗಿಯಲು ಹೊತ್ತು ಬೇಕಾದ್ದರಿಂದ ರಾತ್ರಿ ಹಚ್ಚಿ ಮಲಗುತ್ತಾನೆ. ಲೇತಾದರೆ ಕೈ ಎತ್ತಿದ ಕೂಡಲೇ ನಿಲ್ಲುತ್ತದೆ, ಇದು ಮನೆಯವರೆಲ್ಲ ಮಲಗಿದ ಮೇಲೂ ಉಸಿರುಬಿಡುತ್ತಿರುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತಣ್ಣನೆ ಗಾಳಿ ಬಡಿದರೆ ಎಬಿಎಸ್ ಅಂಚಿನಲ್ಲಿ ಮುದುಡಿ ಮೇಲೆದ್ದು ಬೊಂಬೆ ಸೊಟ್ಟಗಾಗುತ್ತದೆ. ಹಾಗಾಗಿ ಪ್ರಿಂಟ್ ಹಾಕುವವರು ಮೊದಲು ಕಲಿಯುವ ಪಾಠವೇ ಫ್ಯಾನ್ ಆರಿಸುವುದು, ಕಿಟಕಿ ಮುಚ್ಚುವುದು. ಬೊಂಬೆಗೆ ಹಿತವಾದದ್ದೆಲ್ಲ ಎದೆಗೆ ಅಹಿತ.

ಕೆಲವರು ಅಂಟು ರೆಸಿನ್ನಿನ ಪ್ರಿಂಟರ್ ಕೊಳ್ಳುತ್ತಾರೆ, ನಯ ಹೆಚ್ಚು ಎಂದು. ಬೆಳಕು ಬಿದ್ದು ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದವರು 2015ರಲ್ಲಿ ಅಂಥ ರೆಸಿನ್ನಿನಲ್ಲಿ ಪ್ರಿಂಟ್ ಹಾಕಿದ ಬಿಲ್ಲೆಗಳಿದ್ದ ನೀರಿನಲ್ಲಿ ಜೀಬ್ರಾಮೀನಿನ ಭ್ರೂಣಗಳನ್ನು ಬಿಟ್ಟು ನೋಡಿದರು. ಏಳು ದಿನದೊಳಗೆ ಎಲ್ಲವೂ ಸತ್ತವು. ಬಿಲ್ಲೆಗೆ ಮೊದಲೇ ಒಂದು ಗಂಟೆ ನೇರಳಾತೀತ ಬೆಳಕು ತೋರಿಸಿದಾಗ ವಿಷ ಗಣನೀಯವಾಗಿ ತಗ್ಗಿತು. ರೆಸಿನ್ ತೊಳೆದ ದ್ರವವನ್ನು ಬಚ್ಚಲಿಗೆ ಚೆಲ್ಲುವವರು ಇದನ್ನು ಓದಬೇಕು.

ಅಚ್ಚಿಗೆ ಸುರಿದು ತೆಗೆಯುವ ಪ್ಲಾಸ್ಟಿಕ್ ಆಟಿಕೆಯ ತಕರಾರು ಹಳೆಯದು. ಪಿವಿಸಿಯನ್ನು ಮೆದುಗೊಳಿಸುವ ಥ್ಯಾಲೇಟುಗಳು, ಬಣ್ಣದಲ್ಲಿ ಸೇರುವ ಸೀಸ, ಎರಡೂ ಮಗುವಿನ ಜೊಲ್ಲಿಗೆ ಇಳಿಯುತ್ತವೆ. ಭಾರತೀಯ ಗುಣಮಟ್ಟ ಮಂಡಳಿ 2019ರಲ್ಲಿ ಪರೀಕ್ಷಿಸಿದ ಆಮದು ಆಟಿಕೆಗಳಲ್ಲಿ ಸುಮಾರು 67% ನಪಾಸಾದವು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಕೊಪ್ಪಳದ ಭಾನಾಪುರದಲ್ಲಿ ಎದ್ದಂಥ ದೊಡ್ಡ ಆಟಿಕೆ ಸಂಕೀರ್ಣಕ್ಕೆ ಈ ಆದೇಶ ತಗಲುತ್ತದೆ, ಅಧಿಕಾರಿ ಬಾಗಿಲು ತಟ್ಟಬಹುದು.

ಮನೆಯೊಳಗಿನ ಪ್ರಿಂಟರಿನ ಬಾಗಿಲು ತಟ್ಟುವವರು ಯಾರು? ಇಲ್ಲೊಂದು ಕಂಡಿಯೂ ಇದೆ. ನೋಂದಾಯಿತ ಕರಕುಶಲಿಗರಿಗೂ ಜಿಐ ಟ್ಯಾಗ್ ಇರುವ ಆಟಿಕೆಗಳಿಗೂ ಆ ಆದೇಶದಿಂದ ವಿನಾಯಿತಿ ಉಂಟು. ಚನ್ನಪಟ್ಟಣದ ಬೊಂಬೆಗೆ 2005-06ರಲ್ಲೇ ಜಿಐ ಸಿಕ್ಕಿದೆ. ವಿನಾಯಿತಿ ನ್ಯಾಯವಾದದ್ದೇ, ಆದರೆ ಅದು ಮರ ಮತ್ತು ಅರಗನ್ನು ನಂಬಿ ಕೊಟ್ಟದ್ದು. ಬೆಂಗಳೂರು-ಮೈಸೂರು ಹೆದ್ದಾರಿಯ ಅಂಗಡಿಯಲ್ಲಿ ಅದೇ ಹೆಸರಿನ ಬುಟ್ಟಿಗೆ ಪ್ಲಾಸ್ಟಿಕ್ ಪ್ರಿಂಟ್ ಸೇರಿಕೊಂಡರೆ, ಪರೀಕ್ಷೆಯಿಲ್ಲದ ವಸ್ತುವಿಗೆ ಇನ್ನೂರು ವರ್ಷದ ಒಳ್ಳೆಯ ಹೆಸರೇ ರಹದಾರಿಯಾಗುತ್ತದೆ.

ಶಾಲೆಗಳದ್ದು ಇನ್ನೂ ಹತ್ತಿರದ ಆತಂಕ. ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಶುರುವಾಗಿ 10,000 ಶಾಲೆ ತಲುಪಿದೆ. ಅದರ ಸಲಕರಣೆಗಳಲ್ಲಿ ತ್ರೀಡಿ ಪ್ರಿಂಟರೂ ಒಂದು. ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್ ಎಂದು 2025ರ ಬಜೆಟ್ಟಿನಲ್ಲಿ ಘೋಷಣೆಯಾಗಿದೆ. ಯೋಜನೆ ಚೆನ್ನಾಗಿದೆ, ಮಾಗಡಿಯ ಹುಡುಗಿ ತಾನು ಎಣಿಸಿದ ಗೇರು ಚಕ್ರವನ್ನು ತಾನೇ ಪ್ರಿಂಟ್ ಹಾಕಿ ನೋಡಬೇಕು. ಆದರೆ ಯಂತ್ರದ ಸುತ್ತ ಮೂವತ್ತು ಮಕ್ಕಳು ಬಗ್ಗಿ ನಿಲ್ಲುತ್ತಾರೆ, ಧೂಳು ಬೀಳದಿರಲಿ ಎಂದು ಅದನ್ನು ಇಟ್ಟಿರುವುದು ಕಿಟಕಿ ಮುಚ್ಚಿದ ಕಂಪ್ಯೂಟರ್ ಕೋಣೆಯಲ್ಲಿ. ಮುಖ್ಯೋಪಾಧ್ಯಾಯರು ಖರೀದಿ ಪಟ್ಟಿಗೆ ಸಹಿ ಹಾಕುವ ಮುನ್ನ ಎಬಿಎಸ್ ಹೊಡೆದು ಪಿಎಲ್‌ಎ ಬರೆಯಲಿ. ಸೋಸುಪೆಟ್ಟಿಗೆ ಮಾರಲು ಬಂದವರನ್ನು ಇದ್ದಿಲ ಪದರ ಇದೆಯೇ ಎಂದು ಕೇಳಲಿ, ಬರಿಯ ಹೆಪಾ ಜಾಲರಿ ಕಣ ತಡೆಯುತ್ತದೆ, ಸ್ಟೈರೀನ್ ತಡೆಯುವುದಿಲ್ಲ. ಅದಕ್ಕೂ ಹಣವಿಲ್ಲವೆಂದರೆ ಪ್ರಿಂಟರಿಗೆ ಒಂದು ಗೂಡು ಕಟ್ಟಿಸಿ, ಅದರ ಬೆನ್ನಿಗೆ ಸಣ್ಣ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಕೊಳವೆಯ ತುದಿಯನ್ನು ಗೋಡೆಯಾಚೆ ಬಿಡಬಹುದು, ಮಕ್ಕಳು ಊಟಕ್ಕೆ ಕೂರುವ ಜಗಲಿಯ ಕಡೆಗಲ್ಲ, ಹಿಂದಿನ ಬಯಲಿಗೆ.