ಪೆನ್‌ಡ್ರೈವ್ ಕೈಕೊಟ್ಟರೆ ಮೆರವಣಿಗೆ ನಡುಬೀದಿಯಲ್ಲೇ!

ಡಿ.ಜೆ. ಹುಡುಗರ ಪೇಚಾಟ: ಲಕ್ಷದ ಯಂತ್ರಕ್ಕೆ ಬೆರಳುದ್ದದ ಕಡ್ಡಿಯೇ ಯಜಮಾನ

ಮದುಮಗನ ಮೆರವಣಿಗೆ ಹೊರಡಲು ಸಿದ್ಧ. ತೆರೆದ ಜೀಪಿನಲ್ಲಿ ಪೇಟಾ ಸುತ್ತಿಕೊಂಡ ಮದುಮಗ. ಟ್ರಾಕ್ಟರ್ ಟ್ರೇಲರಿನ ಮೇಲೆ ಆಳೆತ್ತರದ ಬಾಕ್ಸುಗಳು, ಹಿಂದೆ ಗುಡುಗುಡು ಎನ್ನುವ ಜನರೇಟರ್. ಕುಣಿಯುವ ಹುಡುಗರು ಅಂಗಿಯ ತೋಳು ಮಡಚಿ ನಿಂತಿದ್ದಾರೆ. ಆಪರೇಟರ್ ಹುಡುಗ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಪ್ಲೇಯರಿಗೆ ಸಿಕ್ಕಿಸುತ್ತಾನೆ. ಪರದೆಯ ಮೇಲೆ ಒಂದು ಹಾಡಿನ ಹೆಸರೂ ಇಲ್ಲ! ಕಿತ್ತು, ಬಾಯಿಂದ ಊದಿ, ಮತ್ತೆ ಸಿಕ್ಕಿಸುತ್ತಾನೆ. ಊಹೂಂ.

"ಏನಾತಪ್ಪಾ?"

"ಎರಡೇ ನಿಮಿಷ ಯಜಮಾನ್ರೇ..."

ಆ ಎರಡು ನಿಮಿಷ ಇಪ್ಪತ್ತಾಗುತ್ತದೆ. ಹಿಂದೆ ಬಸ್ಸುಗಳ ಹಾರನ್ನು, ಮುಂದೆ ಹುಡುಗರ ಸಿಳ್ಳೆ. ಕೊನೆಗೆ ಬ್ಯಾಂಡಿನವರೇ ಮಾನ ಉಳಿಸಬೇಕು. ಮರುದಿನ ಲೆಕ್ಕಕ್ಕೆ ಹೋದರೆ ಬಾಕಿ ಹಣದಲ್ಲಿ ಕಡಿತ. ಅದಕ್ಕಿಂತ ದೊಡ್ಡ ನಷ್ಟ ಹೆಸರಿನದು. "ಅವನ ಸೆಟ್ಟಾ? ಬ್ಯಾಡ ಬಿಡ್ರಿ" ಎಂಬ ಒಂದು ಮಾತು ಓಣಿಯಲ್ಲಿ ಹರಡಿದರೆ ಇಡೀ ಮದುವೆ ಹಂಗಾಮೇ ಹೋದಂತೆ.

ಸೋಜಿಗವೆಂದರೆ ಇಂಥ ಕಡೆ ಎಷ್ಟೋ ಸಲ ಯಂತ್ರವೂ ಕೆಟ್ಟಿರುವುದಿಲ್ಲ, ಪೆನ್‌ಡ್ರೈವೂ ಕೆಟ್ಟಿರುವುದಿಲ್ಲ. ಅದನ್ನೇ ಮನೆಗೆ ಒಯ್ದು ಕಂಪ್ಯೂಟರಿಗೆ ಹಾಕಿದರೆ ಹಾಡು ಜೋರಾಗಿ ಬರುತ್ತದೆ! ಹಾಗಾದರೆ ತಪ್ಪು ಯಾರದು?

ಪ್ಲೇಟಿನಿಂದ ಕಡ್ಡಿಯವರೆಗೆ

ಒಂದು ಕಾಲದಲ್ಲಿ ಮೈಕ್‌ಸೆಟ್ ಎಂದರೆ ಕಪ್ಪು ಪ್ಲೇಟು, ಮುಳ್ಳು, ಮರಕ್ಕೆ ಕಟ್ಟಿದ ಹಾರನ್ನು. ಆಮೇಲೆ ಕ್ಯಾಸೆಟ್ಟು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂತು. ಜಪಾನಿನ ಪಯೋನಿಯರ್ ಕಂಪನಿ 1994ರಲ್ಲಿ ಸಿಡಿಜೆ-500 ಎಂಬ, ಡಿ.ಜೆ.ಗಳಿಗೆಂದೇ ಮಾಡಿದ ಸಿ.ಡಿ. ಪ್ಲೇಯರನ್ನು ತಂದಿತು. 2001ರ ಸಿಡಿಜೆ-1000ರಲ್ಲಿ ಪ್ಲೇಟಿನಂತೆಯೇ ಕೈಯಲ್ಲಿ ತಿರುಗಿಸುವ ಚಕ್ರ ಬಂತು. 2009ರ ಸಿಡಿಜೆ-2000ಕ್ಕೆ ಸಿ.ಡಿ. ಬಾಯಿಯ ಜೊತೆಗೆ ಯು.ಎಸ್.ಬಿ. ಕಿಂಡಿಯೂ ಎಸ್.ಡಿ. ಕಾರ್ಡಿನ ಕಿಂಡಿಯೂ ಇದ್ದವು. 2020ರ ಸಿಡಿಜೆ-3000ಕ್ಕೆ ಬರುವ ಹೊತ್ತಿಗೆ ಸಿ.ಡಿ. ಬಾಯಿಯೇ ಮಾಯ! ಹೆಸರಿನಲ್ಲಿ ಮಾತ್ರ ಸಿ.ಡಿ. ಉಳಿದಿದೆ, ಹೊಟ್ಟೆಯಲ್ಲಿಲ್ಲ.

ಈಗ ಎಲ್ಲ ಭಾರ ಆ ಕಡ್ಡಿಯ ಮೇಲೆ. ಲಕ್ಷಗಟ್ಟಲೆ ಬೆಲೆಯ ಪ್ಲೇಯರುಗಳನ್ನು ಸಣ್ಣ ಊರಿನ ಸೌಂಡ್ ಅಂಗಡಿಯವರೆಲ್ಲ ಕೊಳ್ಳಲಾರರು. ಕೆಲಸ ಬಂದಾಗ ಬಾಡಿಗೆಗೆ ತರುತ್ತಾರೆ. ಇವತ್ತು ಒಂದು ಮಾಡೆಲ್ಲು, ನಾಳೆ ಇನ್ನೊಂದು. ಫಜೀತಿಯ ಬೇರು ಇಲ್ಲಿಯೇ ಇರುವುದು.

ಎರಡು ಕಿಂಡಿ, ಎರಡು ಕೆಲಸ

ಇಂಥ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಯು.ಎಸ್.ಬಿ. ಕಿಂಡಿಗಳಿರುತ್ತವೆ. ಮೇಲ್ಭಾಗದಲ್ಲಿ ಕೈಗೆ ಸಿಗುವ ಚಪ್ಪಟೆ ಕಿಂಡಿ ಪೆನ್‌ಡ್ರೈವಿಗೆ. ಹಿಂದುಗಡೆಯ ಚೌಕಾಕಾರದ್ದು, ಪ್ರಿಂಟರಿಗೆ ಇರುವಂಥದ್ದು, ಲ್ಯಾಪ್‌ಟಾಪಿನಿಂದ ಬರುವ ವೈರಿಗೆ. ಮೊದಲನೆಯದರಲ್ಲಿ ಯಂತ್ರವೇ ಯಜಮಾನ, ಕಡ್ಡಿ ಆಳು. ಎರಡನೆಯದರಲ್ಲಿ ಲ್ಯಾಪ್‌ಟಾಪು ಯಜಮಾನ, ಯಂತ್ರ ಆಳು.

ಮದುವೆ ಮನೆಯಲ್ಲಿ ಯಾರೋ ಒಬ್ಬರು ಬಂದು "ನನ್ನ ಫೋನಲ್ಲಿ ಒಂದ್ ಹಾಡೈತಿ, ವೈರ್ ಹಾಕ್ರಿ" ಎನ್ನುವುದು ಇದ್ದದ್ದೇ. ವೈರ್ ಹಾಕಿದ ಮಾತ್ರಕ್ಕೆ ಸಾಮಾನ್ಯವಾಗಿ ಹಾಡು ಬರುವುದಿಲ್ಲ. ಪೆನ್‌ಡ್ರೈವು ತನ್ನ ಕಪಾಟು ತೆರೆದು ತೋರಿಸುತ್ತದೆ. ಈಗಿನ ಫೋನು ಹಾಗೆ ತೋರಿಸುವುದಿಲ್ಲ, ಕೇಳಿದ್ದನ್ನು ತಾನೇ ಎತ್ತಿಕೊಡುವ ಬೇರೆ ಪದ್ಧತಿ ಅದರದ್ದು. ಫೋನಿನ ಹಾಡೇ ಬೇಕೆಂದರೆ ಅದನ್ನು ಮಿಕ್ಸರಿನ ಬೇರೆ ಲೈನಿಗೆ ಆಡಿಯೋ ವೈರಿನಿಂದ ಕೊಡುವುದು ಸಲೀಸು.

ಕಪಾಟು ಅದೇ, ಖಾನೆ ಬೇರೆ

ಇನ್ನು ಮುಖ್ಯ ವಿಷಯ. ಪೆನ್‌ಡ್ರೈವಿನೊಳಗೆ ಯಾವ ಫೈಲು ಎಲ್ಲಿದೆ ಎಂದು ಬರೆದಿಡುವ ಒಂದು ಖಾತೆ ಪುಸ್ತಕ ಇರುತ್ತದೆ ಎಂದುಕೊಳ್ಳಿ. ಆ ಖಾತೆ ಬರೆಯುವ ಕ್ರಮಗಳು ಹಲವು: ಫ್ಯಾಟ್-32, ಎಕ್ಸ್‌ಫ್ಯಾಟ್, ಎನ್.ಟಿ.ಎಫ್.ಎಸ್. ಕಿರಾಣಿ ಅಂಗಡಿಯ ಗುಮಾಸ್ತನಿಗೆ ಕನ್ನಡದ ಖಾತೆ ಓದಲು ಬಂದರೂ ಮಾರವಾಡಿ ಲಿಪಿಯ ಖಾತೆ ಓದಲು ಬಾರದು. ಹಾಗೆಯೇ ಇದು. ಕಂಪ್ಯೂಟರು ಮೂರನ್ನೂ ಓದುತ್ತದೆ. ಪ್ಲೇಯರು ಹಾಗಲ್ಲ. ಫ್ಯಾಟ್-32 ಬಹುತೇಕ ಎಲ್ಲ ಪ್ಲೇಯರುಗಳಿಗೂ ಗೊತ್ತು. ಎನ್.ಟಿ.ಎಫ್.ಎಸ್. ಅನ್ನು ಸಿಡಿಜೆ ಸರಣಿಯ ಯಂತ್ರಗಳು ಓದುವುದಿಲ್ಲ. ಎಕ್ಸ್‌ಫ್ಯಾಟ್ ಓದುವುದು ಇತ್ತೀಚಿನ ಕೆಲವು ಮಾತ್ರ.

ಅಂಗಡಿಯಲ್ಲಿ ಕೊಳ್ಳುವ 64 ಜಿ.ಬಿ., 128 ಜಿ.ಬಿ. ಕಡ್ಡಿಗಳು ಬಹುಪಾಲು ಎಕ್ಸ್‌ಫ್ಯಾಟ್‌ನಲ್ಲೇ ಬರುತ್ತವೆ. "ದೊಡ್ಡದಿರ್ಲಿ ಬಿಡು" ಎಂದು 128 ಜಿ.ಬಿ. ತಂದವನು ಮೆರವಣಿಗೆಯಲ್ಲಿ ಬಾಯಿ ಬಿಡುವುದು ಈ ಕಾರಣಕ್ಕೆ! ನಾಳೆ ಯಾವ ಯಂತ್ರ ಬಾಡಿಗೆಗೆ ಸಿಗುತ್ತದೋ ಗೊತ್ತಿಲ್ಲದವನು ಎಲ್ಲವೂ ಓದುವ ಫ್ಯಾಟ್-32ಕ್ಕೇ ಅಂಟಿಕೊಳ್ಳುವುದು ಲೇಸು. 32 ಜಿ.ಬಿ. ಕಡ್ಡಿಯನ್ನು ಕಂಪ್ಯೂಟರಿನಲ್ಲಿ ಹೀಗೆ ಫಾರ್ಮ್ಯಾಟ್ ಮಾಡುವುದು ಸುಲಭ. ಆದರೆ ಎಚ್ಚರ: ಫಾರ್ಮ್ಯಾಟ್ ಎಂದರೆ ಹಲಗೆ ಒರೆಸಿದಂತೆ. ಒಳಗಿರುವ ಹಾಡೆಲ್ಲ ಹೋಗುತ್ತವೆ. ಮೊದಲು ಬೇರೆ ಕಡೆ ತೆಗೆದಿಟ್ಟುಕೊಂಡೇ ಕೈ ಹಾಕಬೇಕು.

32 ಜಿ.ಬಿ. ಸಾಲದೆಂಬ ಭಯ ಬೇಡ. ಒಳ್ಳೆಯ ಗುಣಮಟ್ಟದ ಎಂಪಿ3 ಹಾಡು ನಾಲ್ಕು ನಿಮಿಷಕ್ಕೆ ಸುಮಾರು 10 ಎಂ.ಬಿ. ಅಂದರೆ ಸುಮಾರು 3 ಸಾವಿರ ಹಾಡು ಹಿಡಿಯುತ್ತದೆ. ಅಷ್ಟನ್ನೂ ಹಾಕಿದರೆ ಎಂಟು ದಿನ ಹಗಲೂರಾತ್ರಿ ಮದುವೆ ನಡೆಯಬೇಕಾದೀತು! ಅದೇ ಹಾಡು ವೇವ್ ಫೈಲಾದರೆ 40 ಎಂ.ಬಿ. ಆಗುತ್ತದೆ. ಎಂಪಿ3 ಮತ್ತು ವೇವ್ ಈ ಯಂತ್ರಗಳಿಗೆಲ್ಲ ಗೊತ್ತು. ಫ್ಲ್ಯಾಕ್ ಎಂಬುದು 2009ರ ಸಿಡಿಜೆ-2000ದಲ್ಲಿ ಓಡದು. 2016ರ ನೆಕ್ಸಸ್-2 ಮಾದರಿಯಲ್ಲಿ ಓಡುತ್ತದೆ.

ಹಾಡುಗಳನ್ನು ಮನೆಯಲ್ಲೇ ರೆಕಾರ್ಡ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ಹಾಯಿಸಿ ಕಡ್ಡಿಗೆ ತುಂಬಿದರೆ ಇನ್ನೂ ಒಳ್ಳೆಯದು. ತಾಳದ ವೇಗ, ಹಾಡಿನ ನಕ್ಷೆ, ಎಲ್ಲಿಂದ ಶುರು ಮಾಡಬೇಕೆಂಬ ಗುರುತು ಎಲ್ಲವೂ ಮೊದಲೇ ಬರೆದಿರುತ್ತವೆ. ಜನ ಕೂಗುವಾಗ ಹುಡುಕಾಡುವ ಕಷ್ಟವಿಲ್ಲ.

ಕಿಂಡಿ ಅನ್ನಛತ್ರವಲ್ಲ

ಕೆಲವರು ಪೆನ್‌ಡ್ರೈವ್ ಬಿಟ್ಟು ತಿರುಗುವ ಹಾರ್ಡ್‌ಡಿಸ್ಕ್ ತರುತ್ತಾರೆ. ಯು.ಎಸ್.ಬಿ.-2 ಕಿಂಡಿಯ ನಿಗದಿತ ವಿದ್ಯುತ್ತು 5 ವೋಲ್ಟಿನಲ್ಲಿ 500 ಮಿಲಿ ಆಂಪಿಯರ್, ಅಷ್ಟೇ. ಡಿಸ್ಕು ತಿರುಗಲು ಶುರುಮಾಡುವ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಎಳೆಯಬಹುದು. ಆಗ ಯಂತ್ರ ತನ್ನ ರಕ್ಷಣೆಗೆ ಕಿಂಡಿಯನ್ನೇ ಬಂದ್ ಮಾಡಿಬಿಡುತ್ತದೆ. ಮೇಲಾಗಿ, ಬಾಕ್ಸುಗಳ ಪಕ್ಕದಲ್ಲಿ ಟ್ರೇಲರು ಗಡಗಡ ನಡುಗುವಾಗ ತಿರುಗುವ ಡಿಸ್ಕಿನ ಗತಿ ಹೇಳಬೇಕೆ? ಒಂದು ಕಿಂಡಿಗೆ ಹಬ್ ಹಾಕಿ ನಾಲ್ಕು ಕಡ್ಡಿ ಸಿಕ್ಕಿಸುವುದೂ ನಡೆಯದು. ಈ ಪ್ಲೇಯರುಗಳು ಹಬ್ ಒಪ್ಪುವುದಿಲ್ಲ. "ಚಾರ್ಜ್ ಆಗ್ಲಿ" ಎಂದು ಅದೇ ಕಿಂಡಿಗೆ ಮೊಬೈಲ್ ನೇತುಹಾಕುವುದಂತೂ ಬೇಡವೇ ಬೇಡ.

ಎರಡು ಪ್ಲೇಯರು ಇದ್ದಾಗ ಒಂದೇ ಕಡ್ಡಿ ಸಾಕಾಗುವ ಉಪಾಯ ಬೇರೆಯೇ ಇದೆ. ಒಂದಕ್ಕೊಂದು ಲ್ಯಾನ್ ಕೇಬಲ್ ಜೋಡಿಸಿದರೆ ಒಂದರ ಪೆನ್‌ಡ್ರೈವನ್ನು ಇನ್ನೊಂದು ಓದುತ್ತದೆ. ಸಿಡಿಜೆ-2000ದಲ್ಲೇ ಹೀಗೆ ನಾಲ್ಕು ಯಂತ್ರಗಳವರೆಗೆ ಕೂಡಿಸಬಹುದು. ಎರಡಕ್ಕಿಂತ ಹೆಚ್ಚಾದರೆ ನಡುವೆ ನೆಟ್‌ವರ್ಕ್ ಸ್ವಿಚ್ ಬೇಕು.

ಕೀಳುವ ಮುನ್ನ ಒಂದು ಗಳಿಗೆ

ಸಿಕ್ಕಿಸುವುದಕ್ಕಿಂತ ದೊಡ್ಡ ತಪ್ಪು ನಡೆಯುವುದು ಕೀಳುವಾಗ. ಕಾರ್ಯಕ್ರಮ ಮುಗಿಯಿತು, ಲೋಡ್ ಮಾಡುವ ಅವಸರ; ಕಡ್ಡಿಯನ್ನು ಹಲ್ಲು ಕಿತ್ತಂತೆ ಕಿತ್ತು ಜೇಬಿಗೆ ಹಾಕುತ್ತಾರೆ. ಯಂತ್ರ ಕಡ್ಡಿಯಿಂದ ಓದುವುದಷ್ಟೇ ಅಲ್ಲ, ಯಾವ ಹಾಡು ನುಡಿಸಿದೆ ಎಂಬಂಥ ವಿವರಗಳನ್ನು ಅದರ ಮೇಲೆ ಬರೆಯುತ್ತಲೂ ಇರುತ್ತದೆ. ಬರೆಯುವಾಗಲೇ ಕಿತ್ತರೆ ಖಾತೆ ಪುಸ್ತಕದ ಹಾಳೆ ಹರಿದಂತೆ. ಮುಂದಿನ ಮದುವೆಯಲ್ಲಿ ಅದರ ಫಲ! ಕಿಂಡಿಯ ಬಳಿಯ ಯು.ಎಸ್.ಬಿ. ಸ್ಟಾಪ್ ಗುಂಡಿಯನ್ನು ಒತ್ತಿ ಹಿಡಿದು, ದೀಪ ಆರಿದ ಮೇಲೆ ತೆಗೆಯಬೇಕು. ನಾಲ್ಕು ಸೆಕೆಂಡಿನ ಕೆಲಸ.

ಊರಿನ ಹತ್ತು ಕಂಪ್ಯೂಟರುಗಳಿಗೆ ಅದೇ ಕಡ್ಡಿ ಚುಚ್ಚುವ ಚಾಳಿಯೂ ಬಿಡಬೇಕು. ಫೋಲ್ಡರುಗಳನ್ನು ಮರೆಮಾಡಿ ಬರೀ ಶಾರ್ಟ್‌ಕಟ್ ಉಳಿಸುವ ವೈರಸ್ ಹರಡುವುದು ಹೀಗೆಯೇ. ಅಗ್ಗಕ್ಕೆ ಸಿಗುವ "1 ಟಿ.ಬಿ." ಕಡ್ಡಿಗಳೂ ಮೋಸದ ಮಾಲೇ. ಒಳಗಿರುವ ಜಾಗ ಬಹಳ ಕಡಿಮೆ, ಮೇಲೆ ಬರೆದ ಅಂಕಿ ಮಾತ್ರ ದೊಡ್ಡದು. ತುಂಬಿಸಿದ ಹಾಡು ಕಂಪ್ಯೂಟರಿನಲ್ಲಿ ಹೆಸರು ತೋರಿಸುತ್ತದೆ, ನುಡಿಸಲು ಹೋದರೆ ಇಲ್ಲ.

ಜೋಡಿ ಇದ್ದರೆ ಜಯ

ಅನುಭವಸ್ಥರ ಕ್ರಮ ಸರಳ. ಒಂದೇ ಬಗೆಯಾಗಿ ತುಂಬಿದ ಎರಡು ಕಡ್ಡಿ; ಒಂದು ಯಂತ್ರದಲ್ಲಿ, ಇನ್ನೊಂದು ಜೇಬಿನಲ್ಲಿ. ಯಂತ್ರ ಟ್ರೇಲರಿಗೆ ಏರುವ ಮೊದಲೇ, ಬಾಡಿಗೆ ಕೊಡುವವರ ಅಂಗಡಿಯಲ್ಲೇ ತನ್ನ ಕಡ್ಡಿ ಹಾಕಿ ಒಂದು ಹಾಡು ಕೇಳಿ ನೋಡುವುದು. ಮುಂಗಡ ಎಣಿಸಿಕೊಳ್ಳುವಷ್ಟೇ ಜಾಗ್ರತೆ ಇದಕ್ಕೂ ಬೇಕು.

ರಾತ್ರಿ ಹತ್ತಾದ ಮೇಲೆ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ ಎಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಹಾಗಾಗಿ ಎಂಟೂವರೆಗೆ ಹೊರಟ ಮೆರವಣಿಗೆಯವನಿಗೆ ಸಿಗುವುದೇ ಒಂದೂವರೆ ತಾಸು. ಅದರಲ್ಲಿ ಇಪ್ಪತ್ತು ನಿಮಿಷ ಕಡ್ಡಿ ಊದುತ್ತ ನಿಂತರೆ, ಹಣ ಕೊಟ್ಟ ಯಜಮಾನರು ಸುಮ್ಮನಿದ್ದಾರೆಯೇ?

ಎರಡನೇ ಕಡ್ಡಿಗೆ ಕೆಲವು ನೂರು ರೂಪಾಯಿ ಖರ್ಚು. ಹೋದ ಹೆಸರನ್ನು ಮಾತ್ರ ಯಾವ ಅಂಗಡಿಯಲ್ಲೂ ಮಾರುವುದಿಲ್ಲ.