ವೈದ್ಯಪದಗಳ ಸಂಧಿ–ಸಮಾಸ

ಕೊಲೆಸಿಸ್ಟೆಕ್ಟಮಿ, ಗ್ಯಾಸ್ಟ್ರೋಎಂಟರೈಟಿಸ್, ಪೆರಿಕಾರ್ಡೈಟಿಸ್ ಮೊದಲಾದ ಪದಗಳು ಆಸ್ಪತ್ರೆಯ ಡಿಸ್ಚಾರ್ಜ್ ಪತ್ರದಲ್ಲಿ ಕಂಡಾಗ, ಅವು ವೈದ್ಯರಿಗೆ ಮಾತ್ರ ಮೀಸಲಾದ ಗೂಢಭಾಷೆಯಂತೆ ತೋರುವುದು ಸಹಜ. ಆದರೆ ಈ ಪದಗಳು ಬಾಯಿಪಾಠಕ್ಕಾಗಿ ಹುಟ್ಟಿದವಲ್ಲ; ಮತ್ತೆ ಮತ್ತೆ ಬಳಕೆಯಾಗುವ ಸಣ್ಣ ಸಣ್ಣ ಘಟಕಗಳನ್ನು ನಿಯಮಬದ್ಧವಾಗಿ ಜೋಡಿಸಿ ಕಟ್ಟಿದವು. ಶಾಲೆಯಲ್ಲಿ ಸಂಧಿ ಬಿಡಿಸಿ, ಸಮಾಸದ ವಿಗ್ರಹವಾಕ್ಯ ಬರೆದ ಕನ್ನಡಿಗರಿಗೆ ಇವನ್ನು ಬಿಡಿಸುವ ಕ್ರಮ ಹೊಸದೇನಲ್ಲ.

ಈ ಘಟಕಗಳಲ್ಲಿ ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ಕ್ರಿ.ಪೂ. 5ನೆಯ ಶತಮಾನದ ಹಿಪೊಕ್ರೆಟಿಸ್‌ನ ಪರಂಪರೆಯೂ ಕ್ರಿ.ಶ. 2ನೆಯ ಶತಮಾನದ ಗೇಲನ್ನನ ಗ್ರಂಥಗಳೂ ಗ್ರೀಕ್ ಭಾಷೆಯಲ್ಲಿ ಬೆಳೆದುದರಿಂದ ರೋಗ ಮತ್ತು ಚಿಕಿತ್ಸೆಯ ಹೆಸರುಗಳು ಹೆಚ್ಚಾಗಿ ಗ್ರೀಕಿನಿಂದ ಬಂದವು. ಯುರೋಪಿನ ವಿದ್ವತ್ತಿನ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ, 1543ರಲ್ಲಿ, ವೆಸೇಲಿಯಸ್ ತನ್ನ ಅಂಗರಚನಾ ಗ್ರಂಥವನ್ನು ಆ ಭಾಷೆಯಲ್ಲೇ ಪ್ರಕಟಿಸಿದ್ದು, ಅಂಗಾಂಗಗಳ ಹೆಸರುಗಳಲ್ಲಿ ಲ್ಯಾಟಿನ್ನಿನದೇ ಮೇಲುಗೈಯಾಯಿತು. ಒಂದೇ ಅಂಗಕ್ಕೆ ಎರಡು ಧಾತುಗಳು ಚಲಾವಣೆಯಲ್ಲಿರುವುದಕ್ಕೆ ಇದೇ ಕಾರಣ: ಮೂತ್ರಪಿಂಡಕ್ಕೆ ಸಂಬಂಧಿಸಿದ್ದು ಲ್ಯಾಟಿನ್ನಿನ ‘ರೆನ್’ ಮೂಲದಿಂದ ರೀನಲ್ ಎನಿಸಿದರೆ, ಅದರ ಉರಿಯೂತ ಗ್ರೀಕಿನ ‘ನೆಫ್ರೋಸ್’ ಮೂಲದಿಂದ ನೆಫ್ರೈಟಿಸ್ ಎನಿಸುತ್ತದೆ. ಅಂಗಗಳ ಹೆಸರುಗಳು ದೇಶಕ್ಕೊಂದು, ಗುರುವಿಗೊಂದು ಎಂಬಂತೆ ಬೆಳೆದು ಗೊಂದಲವಾದಾಗ, ಜರ್ಮನಿಯ ಅಂಗರಚನಾ ವಿಜ್ಞಾನಿಗಳ ಸಂಘ 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಂದು ಪ್ರಮಾಣಪಟ್ಟಿಯನ್ನು ಅಂಗೀಕರಿಸಿತು.

ವೈದ್ಯಪದವೊಂದರಲ್ಲಿ ಸಾಮಾನ್ಯವಾಗಿ ಅಂಗವನ್ನೋ ದ್ರವ್ಯವನ್ನೋ ಹೇಳುವ ಧಾತು ನಡುವೆ ಇರುತ್ತದೆ. ಸ್ಥಳ, ಪ್ರಮಾಣ ಅಥವಾ ನಿಷೇಧವನ್ನು ಸೂಚಿಸುವ ಪೂರ್ವಪ್ರತ್ಯಯ ಅದರ ಹಿಂದೆಯೂ, ಆ ಅಂಗಕ್ಕೆ ಏನಾಗಿದೆ ಅಥವಾ ಏನು ಮಾಡಲಾಗಿದೆ ಎಂಬುದನ್ನು ಹೇಳುವ ಅಂತ್ಯಪ್ರತ್ಯಯ ಅದರ ಮುಂದೆಯೂ ಸೇರುತ್ತವೆ. ತತ್ಪುರುಷ ಸಮಾಸದಲ್ಲಿ ಉತ್ತರಪದವೇ ಪ್ರಧಾನವಾಗುವಂತೆ ಇಲ್ಲಿಯೂ ಅರ್ಥದ ಭಾರ ಕೊನೆಯ ಮೇಲೆ ಬೀಳುವುದರಿಂದ, ಪದವನ್ನು ಕೊನೆಯಿಂದ ಓದತೊಡಗುವುದು ಒಳ್ಳೆಯದು. ಪೆರಿಕಾರ್ಡೈಟಿಸ್ ಎಂಬಲ್ಲಿ ‘ಐಟಿಸ್’ ಎಂದರೆ ಉರಿಯೂತ, ‘ಪೆರಿ’ ಎಂದರೆ ಸುತ್ತಲಿನ, ‘ಕಾರ್ಡಿ’ ಎಂದರೆ ಹೃದಯ. ಹೃದಯವನ್ನು ಸುತ್ತುವರಿದ ಪೊರೆಯ ಉರಿಯೂತ ಎಂಬ ಅರ್ಥ ತಾನಾಗಿ ಹೊರಬರುತ್ತದೆ. ಕೊಲೆಸಿಸ್ಟೆಕ್ಟಮಿಯಲ್ಲಿ ‘ಎಕ್ಟಮಿ’ ಕತ್ತರಿಸಿ ತೆಗೆಯುವುದನ್ನೂ, ‘ಸಿಸ್ಟ್’ ಚೀಲವನ್ನೂ, ‘ಕೊಲೆ’ ಪಿತ್ತವನ್ನೂ ಹೇಳುವುದರಿಂದ ಅದು ಪಿತ್ತಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆ.

ಘಟಕಗಳು ಸೇರುವ ಎಡೆಯಲ್ಲಿ ಉಚ್ಚಾರಣೆ ಸುಗಮವಾಗಲೆಂದು ಹೆಚ್ಚಾಗಿ ‘ಓ’ ಎಂಬ ಸ್ವರ ಬರುತ್ತದೆ. ಜಠರವನ್ನು ಸೂಚಿಸುವ ‘ಗ್ಯಾಸ್ಟ್ರ್’ಗೆ ‘ಸ್ಕೋಪಿ’ ಸೇರಿದಾಗ ಗ್ಯಾಸ್ಟ್ರೋಸ್ಕೋಪಿ ಆಗುತ್ತದೆ. ಸ್ವರದಿಂದ ಆರಂಭವಾಗುವ ‘ಐಟಿಸ್’ ಸೇರಿದಾಗ ಆ ‘ಓ’ ಬಿಟ್ಟುಹೋಗಿ ಗ್ಯಾಸ್ಟ್ರೈಟಿಸ್ ಉಳಿಯುತ್ತದೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವ ಲೋಪಸಂಧಿಯನ್ನು ಬಲ್ಲವರಿಗೆ, ಅಂದರೆ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ ಭಾಷೆಯವರಿಗೆ, ಇದು ಬೆರಗಿನ ವಿಷಯವಾಗಬೇಕಿಲ್ಲ. ಎರಡು ಧಾತುಗಳೇ ಪರಸ್ಪರ ಸೇರುವಾಗ ಮಾತ್ರ, ಎರಡನೆಯದು ಸ್ವರಾದಿಯಾದರೂ, ‘ಓ’ ಸಾಮಾನ್ಯವಾಗಿ ಉಳಿಯುತ್ತದೆ. ಜಠರ ಮತ್ತು ಕರುಳುಗಳ ಉರಿಯೂತವಾದ ಗ್ಯಾಸ್ಟ್ರೋಎಂಟರೈಟಿಸ್ ಇದಕ್ಕೆ ಉದಾಹರಣೆ.

ಈ ನಂಟು ವ್ಯಾಕರಣದ ಹೋಲಿಕೆಯಷ್ಟೇ ಅಲ್ಲ. ಗ್ರೀಕ್ ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬದವಾದುದರಿಂದ, ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದ ಅನೇಕ ಉಪಸರ್ಗಗಳು ಮತ್ತು ಪದಗಳು ಈ ಗ್ರೀಕ್ ಘಟಕಗಳ ಒಡಹುಟ್ಟುಗಳು. ಸುತ್ತಲೂ ಎಂಬ ‘ಪೆರಿ’ ಪರಿಧಿ, ಪರಿಸರಗಳ ‘ಪರಿ’. ಕಷ್ಟ, ಕೆಡುಕುಗಳನ್ನು ಹೇಳುವ ‘ಡಿಸ್’ ದುರ್ಬಲ, ದುರ್ಲಭಗಳ ‘ದುರ್’. ಹೀಗಾಗಿ ಉಸಿರಾಟದ ಕಷ್ಟವನ್ನು ಹೇಳುವ ಡಿಸ್ಪ್ನಿಯಾದ ಮೊದಲ ಭಾಗ ಪರಕೀಯವೇನಲ್ಲ. ‘ಹೈಪರ್’ ಎಂಬುದು ಮೇಲೆ ಎಂಬರ್ಥದ ‘ಉಪರಿ’ಯ ಸೋದರಪದ, ಕೆಳಗೆ ಎಂಬ ‘ಹೈಪೋ’ ಉಪಾಧ್ಯಕ್ಷ, ಉಪನದಿಗಳಲ್ಲಿನ ‘ಉಪ’ದ ಸೋದರಪದ. ಮೂಳೆಯನ್ನು ಸೂಚಿಸುವ ‘ಆಸ್ಟಿಯೋ’ ಅಸ್ಥಿಯೊಂದಿಗೂ, ಕರುಳನ್ನು ಸೂಚಿಸುವ ‘ಎಂಟರೋ’ ಅಂತ್ರದೊಂದಿಗೂ, ಕಿವಿಗೆ ದೂರವೆನಿಸಿದರೂ ‘ಹೆಪಟೋ’ ಯಕೃತ್ತಿನೊಂದಿಗೂ ಬೇರುಗಳನ್ನು ಹಂಚಿಕೊಂಡಿವೆ. ನಿಷೇಧದ ‘ಅ’ಕಾರದಲ್ಲಂತೂ ಎರಡೂ ಕಡೆ ನಿಯಮವೇ ಒಂದು: ವ್ಯಂಜನಕ್ಕೆ ಮೊದಲು ‘ಅ’, ಸ್ವರಕ್ಕೆ ಮೊದಲು ‘ಅನ್’. ಅಜೀರ್ಣ ಮತ್ತು ಅನಂತ ಇಲ್ಲಿ ಹೇಗೋ, ಉಸಿರು ನಿಲ್ಲುವ ಅಪ್ನಿಯಾ ಮತ್ತು ರಕ್ತಹೀನತೆಯ ಅನೀಮಿಯಾ ಅಲ್ಲಿ ಹಾಗೆ. ವೈದ್ಯಪದಗಳನ್ನು ಕನ್ನಡದಲ್ಲಿ ಕಲಿಸುವವರು ಈ ಬಾಂಧವ್ಯವನ್ನು ಇನ್ನೂ ಧಾರಾಳವಾಗಿ ಬಳಸಿಕೊಳ್ಳಬೇಕಾಗಿದೆ.

ಪದದ ರಚನೆ ಅರ್ಥದ ದಾರಿಯನ್ನು ತೋರುತ್ತದೆಯಾದರೂ ಪೂರ್ಣ ಅರ್ಥವನ್ನು ಎಲ್ಲ ಸಂದರ್ಭಗಳಲ್ಲೂ ಕೊಡುವುದಿಲ್ಲ. ಅನೀಮಿಯಾದ ಅಕ್ಷರಾರ್ಥ ‘ರಕ್ತವಿಲ್ಲದಿರುವಿಕೆ’. ವಾಸ್ತವದಲ್ಲಿ ಅದನ್ನು ನಿರ್ಧರಿಸುವುದು ಹಿಮೋಗ್ಲೋಬಿನ್ನಿನ ಪ್ರಮಾಣ, ವಯಸ್ಕ ಪುರುಷರಲ್ಲಿ ಡೆಸಿಲೀಟರಿಗೆ 13 ಗ್ರಾಂ, ಗರ್ಭಿಣಿಯರಲ್ಲದ ಸ್ತ್ರೀಯರಲ್ಲಿ 12 ಗ್ರಾಂಗಿಂತ ಕಡಿಮೆಯಾದಾಗ ಆ ಹೆಸರು ಸಲ್ಲುತ್ತದೆ. ‘ಐಟಿಸ್’ ಎಂದೊಡನೆ ಸೋಂಕು ಎಂದು ಭಾವಿಸುವುದೂ ತಪ್ಪು. ಕೀಲುಗಳ ಉರಿಯೂತವಾದ ಆರ್ಥ್ರೈಟಿಸ್‌ನ ಅನೇಕ ಬಗೆಗಳಿಗೆ ಯಾವ ಕ್ರಿಮಿಯೂ ಕಾರಣವಲ್ಲ. ಗಡ್ಡೆಯನ್ನು ಸೂಚಿಸುವ ‘ಓಮಾ’ ಹಿಮಟೋಮಾದಲ್ಲಿ ಹೆಪ್ಪುಗಟ್ಟಿದ ರಕ್ತದ ಊತವನ್ನಷ್ಟೇ ಹೇಳುತ್ತದೆ, ಕ್ಯಾನ್ಸರನ್ನಲ್ಲ. ಇನ್ನು ಪಾರ್ಕಿನ್ಸನ್, ಆಲ್ಝೈಮರ್ ಮೊದಲಾದ ವ್ಯಕ್ತಿನಾಮಗಳನ್ನು ಬಿಡಿಸುವ ಮಾತೇ ಇಲ್ಲ.

ಹೆಚ್ಚಿನ ಎಚ್ಚರ ಬೇಕಾಗುವುದು ಒಂದಕ್ಕೊಂದು ಹೋಲುವ ಘಟಕಗಳಲ್ಲಿ. ‘ಟಮಿ’ ಎಂದರೆ ಕೊಯ್ದು ತೆರೆಯುವುದು, ‘ಎಕ್ಟಮಿ’ ಎಂದರೆ ಕೊಯ್ದು ಹೊರತೆಗೆಯುವುದು, ಬಾಯಿ ಎಂಬರ್ಥದ ಗ್ರೀಕ್ ಪದದಿಂದ ಬಂದ ‘ಸ್ಟಮಿ’ ಎಂದರೆ ಹೊಸ ದ್ವಾರವೊಂದನ್ನು ಮಾಡಿ ಉಳಿಸುವುದು. ಆದ್ದರಿಂದ ಲ್ಯಾಪರಾಟಮಿ, ಅಪೆಂಡಿಸೆಕ್ಟಮಿ, ಕೊಲಾಸ್ಟಮಿ ಮೂರೂ ಹೊಟ್ಟೆಯ ಶಸ್ತ್ರಚಿಕಿತ್ಸೆಗಳೇ ಆದರೂ ರೋಗಿಯ ಮುಂದಿನ ಬದುಕಿನ ಮೇಲೆ ಅವುಗಳ ಪರಿಣಾಮ ಬೇರೆ ಬೇರೆ. ಸಣ್ಣಕರುಳಿನ ಕೊನೆಯ ಭಾಗ ಮತ್ತು ಸೊಂಟದ ಮೂಳೆಯ ಮೇಲ್ಭಾಗ, ಎರಡರ ಹೆಸರೂ ಉಚ್ಚಾರಣೆಯಲ್ಲಿ ‘ಇಲಿಯಮ್’ ಎಂದೇ ಕೇಳಿಸುವುದರಿಂದ ಅಲ್ಲಿ ಕಾಗುಣಿತ ಮತ್ತು ಸಂದರ್ಭಗಳೇ ಗತಿ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮಧುಮೇಹಿಗಳಿರುವ ಮನೆಗಳಲ್ಲಿ ದಿನವೂ ಕೇಳಿಬರುವ ‘ಹೈಪರ್’ ಮತ್ತು ‘ಹೈಪೋ’ಗಳ ಅಂತರ: ಗ್ಲೈಸೀಮಿಯಾ ಎಂದರೆ ರಕ್ತದಲ್ಲಿನ ಸಕ್ಕರೆ, ಹೈಪರ್‌ಗ್ಲೈಸೀಮಿಯಾದಲ್ಲಿ ಅದು ಮಿತಿಮೀರಿದ್ದು ಇನ್ಸುಲಿನ್ ಬೇಕಾಗಬಹುದು, ಹೈಪೋಗ್ಲೈಸೀಮಿಯಾದಲ್ಲಿ ಅದು ಕುಸಿದಿದ್ದು ಎಚ್ಚರವಿರುವ ರೋಗಿಗೆ ಕೂಡಲೇ ಸಕ್ಕರೆಯನ್ನೋ ಗ್ಲೂಕೋಸನ್ನೋ ತಿನ್ನಿಸಬೇಕಾಗುತ್ತದೆ, ಮತ್ತು ಅಂಥ ಹೊತ್ತಿನಲ್ಲಿ ಕೊಟ್ಟ ಇನ್ಸುಲಿನ್ ಪ್ರಾಣಕ್ಕೇ ಎರವಾಗಬಹುದು.