ಕೆಚ್ಚಲು ಬಾವಿನ ಔಷಧವೂ ಕರೆದ ಹಾಲೂ

ಕರೆಯುವ ಹಸುವಿಗೆ ಕೆಚ್ಚಲು ಬಾವು ಬಂದಾಗ ಪಶುವೈದ್ಯರು ಮೊಲೆಯೊಳಕ್ಕೆ ಔಷಧವನ್ನು ಏರಿಸಿಯೋ, ಮಾಂಸಖಂಡಕ್ಕೆ ಸೂಜಿಮದ್ದನ್ನು ಚುಚ್ಚಿಯೋ ಚಿಕಿತ್ಸೆ ಮಾಡುವರು; ಇಂತಿಷ್ಟು ದಿನ ಹಾಲನ್ನು ಡೇರಿಗೆ ಹಾಕಕೂಡದೆಂದೂ ಹೇಳಿ ಹೋಗುವರು. ಎರಡು ಮೂರು ದಿನಗಳಲ್ಲಿ ಅನೇಕ ವೇಳೆ ಬಾವು ಇಳಿಯುತ್ತದೆ. ಹಾಲಿನಲ್ಲಿ ಕಾಣುತ್ತಿದ್ದ ಗರಣೆಗಳು ಹೋಗಿ ಅದು ಮೊದಲಿನಂತೆ ಬೆಳ್ಳಗಾಗುತ್ತದೆ. ಕಣ್ಣಿಗೆ ದೋಷವೇ ಕಾಣದ ಹಾಲನ್ನು ಚೆಲ್ಲುವುದು ಯಾವ ಒಕ್ಕಲಿಗನ ಮನಸ್ಸಿಗೂ ಒಪ್ಪುವ ಮಾತಲ್ಲ. ಒಂದೆರಡು ಹಸುಗಳನ್ನೇ ನಂಬಿ ಸಂಸಾರ ನಡೆಸುವವನಿಗೆ ನಾಲ್ಕು ದಿನದ ಹಾಲು ಹೋಯಿತೆಂದರೆ ಅಂಗಡಿಯಲ್ಲಿ ಸಾಲ ಬೆಳೆಯಿತೆಂದೇ ಅರ್ಥ. ಆದುದರಿಂದ ಈ ನಿಯಮವನ್ನು ಬರಿಯ ಅಪ್ಪಣೆಯಾಗಿ ಹೇಳಿದರೆ ಸಾಲದು. ಔಷಧವು ಎಲ್ಲಿಂದ ಬಂದಿತು, ಮೈಯೊಳಗೆ ಯಾವ ದಾರಿಯಲ್ಲಿ ಸಂಚರಿಸುತ್ತದೆ, ಎಷ್ಟು ದಿನವೆಂಬುದನ್ನು ಯಾರು ಹೇಗೆ ಗೊತ್ತುಮಾಡುವರು ಎಂಬುದನ್ನು ತಿಳಿದರೆ ಚೆಲ್ಲುವ ಕೈಗೆ ಕಾರಣವಾದರೂ ಸಿಕ್ಕೀತು.

ಈ ಜಾತಿಯ ಔಷಧಗಳಲ್ಲಿ ಪೆನಿಸಿಲಿನ್ ಎಂಬುದು ಪ್ರಸಿದ್ಧವಾದುದು. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಅಲೆಕ್ಸಾಂಡರ್ ಫ್ಲೆಮಿಂಗರು ರೋಗಾಣುಗಳನ್ನು ಬೆಳೆಸಿದ್ದ ತಟ್ಟೆಯೊಂದರಲ್ಲಿ ಬೂಷ್ಟು ಬಿದ್ದು, ಅದರ ಸುತ್ತಲಿನ ರೋಗಾಣುಗಳು ಕರಗಿರುವುದನ್ನು ಕಂಡರು. ಕಂಡದ್ದು ಔಷಧವಾಗುವುದಕ್ಕೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 1940ನೆಯ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಫ್ಲೋರಿಯವರೂ ಅವರ ಜೊತೆಗಾರರೂ ಎಂಟು ಇಲಿಗಳಿಗೆ ಮಾರಕವಾದ ರೋಗಾಣುಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಮರುದಿನ ಬೆಳಗಾಗುವಷ್ಟರಲ್ಲಿ ಔಷಧವಿಲ್ಲದ ನಾಲ್ಕೂ ಸತ್ತಿದ್ದವು. ಔಷಧ ಪಡೆದ ನಾಲ್ಕೂ ಬದುಕಿದ್ದವು.

ಮುಂದಿನ ವರ್ಷದ ಫೆಬ್ರವರಿಯಲ್ಲಿ ಮುಖಕ್ಕೂ ಮೈಗೂ ಕೀವು ಹರಡಿ ಸಾಯುವಂತಿದ್ದ ಒಬ್ಬ ಪೊಲೀಸಿನವನಿಗೆ ಅದನ್ನು ಕೊಡಲಾಯಿತು. ಅವನು ಚೇತರಿಸಿಕೊಳ್ಳುತ್ತ ಬಂದನು. ಆದರೆ ದೇಶದಲ್ಲಿದ್ದ ಔಷಧವೇ ಅತ್ಯಲ್ಪ. ಕೊಟ್ಟ ಔಷಧದ ಬಹುಪಾಲು ಮೂತ್ರದಲ್ಲಿ ಹಾಗೆಯೇ ಹೊರಬರುವುದೆಂದು ತಿಳಿದಿದ್ದುದರಿಂದ, ಅವನ ಮೂತ್ರವನ್ನು ಪ್ರಯೋಗಶಾಲೆಗೆ ಒಯ್ದು, ಪೆನಿಸಿಲಿನ್ನನ್ನು ಮರಳಿ ಬೇರ್ಪಡಿಸಿ, ಪುನಃ ಅವನಿಗೇ ಚುಚ್ಚಿದರು. ಅದೂ ಮುಗಿಯಿತು, ರೋಗ ಮರುಕಳಿಸಿ ಮಾರ್ಚಿ ತಿಂಗಳಲ್ಲಿ ಅವನು ತೀರಿಕೊಂಡನು. ಮೈಯು ಔಷಧವನ್ನು ಎಷ್ಟು ಬೇಗ ಹೊರಕ್ಕೆ ಹಾಕುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಔಷಧದ ಕೊರತೆಯನ್ನು ನೀಗಿಸಿದವರಲ್ಲಿ ವ್ಯವಸಾಯ ಇಲಾಖೆಯವರೂ ಸೇರಿದ್ದರೆಂಬುದು ಇಲ್ಲಿ ಹೇಳತಕ್ಕ ಸಂಗತಿ. ಅಮೆರಿಕದ ವ್ಯವಸಾಯ ಇಲಾಖೆಗೆ ಸೇರಿದ ಪಿಯೋರಿಯಾ ನಗರದ ಪ್ರಯೋಗಶಾಲೆಯಲ್ಲಿ, ಮುಸುಕಿನ ಜೋಳವನ್ನು ನೆನೆಯಿಟ್ಟು ಹಿಟ್ಟಿನ ಸತ್ತ್ವ ತೆಗೆದ ಮೇಲೆ ಉಳಿಯುತ್ತಿದ್ದ ನೀರಿನಲ್ಲಿ ಬೂಷ್ಟನ್ನು ಬೆಳೆಸಿದಾಗ ಇಳುವರಿ ಅನೇಕ ಪಟ್ಟು ಹೆಚ್ಚಿತು. 1943ರಲ್ಲಿ ಅದೇ ಊರಿನ ಪೇಟೆಯಿಂದ ಬಂದ ಕೊಳೆತ ಕರಬೂಜದ ಮೇಲಿನ ಬೂಷ್ಟು ಮತ್ತೂ ಉತ್ತಮ ತಳಿಯಾಗಿ ಪರಿಣಮಿಸಿತು. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಮೊದಲಾದವುಗಳು ಹೊಲದ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳಿಂದಲೇ ದೊರೆತವು.

ಇನ್ನು ಹಸುವಿನ ಮೈಯ ವಿಚಾರ. ಬೆಳೆದ ದನಕ್ಕೆ ಇಂಥ ಔಷಧವನ್ನು ಬಾಯಿಂದ ಕುಡಿಸುವುದು ಸಾಮಾನ್ಯವಾಗಿ ಯುಕ್ತವಲ್ಲ. ಮೇವನ್ನು ಕೊಳೆಯಿಸಿ ಅರಗಿಸುವ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳನ್ನೇ ಅದು ಕೆಡಿಸಬಹುದು. ಚುಚ್ಚಿದ ಔಷಧವು ರಕ್ತಕ್ಕೆ ಸೇರಿ ಮೈಯೆಲ್ಲ ಹರಿದಾಡುತ್ತದೆ. ಕೆಲವನ್ನು ಈಲಿಯು ಮಾರ್ಪಡಿಸುತ್ತದೆ. ಪೆನಿಸಿಲಿನ್ ಹೆಚ್ಚು ಮಾರ್ಪಡದೆ ಮೂತ್ರಪಿಂಡಗಳ ಮೂಲಕ ಗಂಜಲದಲ್ಲಿ ಹೋಗುತ್ತದೆ. ಸ್ವಲ್ಪ ಭಾಗ ಹಾಲಿಗೂ ಇಳಿಯುತ್ತದೆ.

ಹಾಲಿಗೆ ಇಳಿಯುವ ಪ್ರಮಾಣವು ಎಲ್ಲ ಔಷಧಗಳಲ್ಲಿಯೂ ಒಂದೇ ಅಲ್ಲ. ರಕ್ತವು ತುಸು ಕ್ಷಾರಗುಣವುಳ್ಳದ್ದು. ಅದಕ್ಕೆ ಹೋಲಿಸಿದರೆ ಹಾಲು ತುಸು ಹುಳಿ. ಎರಿತ್ರೋಮೈಸಿನ್ನಿನಂಥ ಕ್ಷಾರಸ್ವಭಾವದ ಔಷಧವು ಹಾಲಿಗೆ ಬಂದರೆ ಅಲ್ಲಿ ರೂಪ ಬದಲಾಯಿಸಿ, ಹಿಂದಿರುಗಲಾರದೆ, ಬೋನಿಗೆ ಬಿದ್ದಂತೆ ಸಿಕ್ಕಿಕೊಳ್ಳುತ್ತದೆ. ಆಮ್ಲಸ್ವಭಾವದ ಪೆನಿಸಿಲಿನ್ ಅಷ್ಟಾಗಿ ಬರುವುದಿಲ್ಲ. ಬಾವು ಬಂದ ಕೆಚ್ಚಲಿನ ಹಾಲು ಹುಳಿಗುಣವನ್ನು ಕಳೆದುಕೊಂಡು ರಕ್ತಕ್ಕೆ ಸಮೀಪವಾಗುವುದರಿಂದ ಈ ಲೆಕ್ಕವೂ ಏರುಪೇರಾಗುತ್ತದೆ.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಮನುಷ್ಯನ ರಕ್ತದಲ್ಲಿ ಪೆನಿಸಿಲಿನ್ ಸುಮಾರು ಅರ್ಧ ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಸುವಿನಲ್ಲಿಯೂ ಬಹಳ ತಡವಾಗುವುದಿಲ್ಲ. ಹೀಗಿರಲು ದಿನಗಟ್ಟಲೆ ಹಾಲು ಬಿಡುವುದೇಕೆ? ದಿನಕ್ಕೆ ಏಳೆಂಟು ಸಲ ಚುಚ್ಚುವ ಕಷ್ಟವನ್ನು ತಪ್ಪಿಸಲು ಪೆನಿಸಿಲಿನ್ನನ್ನು ಪ್ರೊಕೇನಿನೊಡನೆ ಕೂಡಿಸಿ, ಸುಲಭವಾಗಿ ಕರಗದಂತೆ ಮಾಡಿರುತ್ತಾರೆ. ಅದು ಮಾಂಸಖಂಡದಲ್ಲಿ ಗಂಟಾಗಿ ಕುಳಿತು, ಬೆಲ್ಲದ ಅಚ್ಚು ತೇವಕ್ಕೆ ಕರಗುವಂತೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಯಾವ ನಿಧಾನವು ಹಸುವಿಗೂ ವೈದ್ಯರಿಗೂ ಅನುಕೂಲವೋ ಅದೇ ನಿಧಾನವು ಹಾಲಿನಲ್ಲಿ ಔಷಧವನ್ನು ಉಳಿಸುತ್ತದೆ. ಮೊಲೆಗೆ ಏರಿಸಿದ ಔಷಧವಂತೂ ಹಾಲಿನ ಮನೆಯಲ್ಲಿಯೇ ಇರುತ್ತದೆ. ಒಂದು ಮೊಲೆಗೆ ಏರಿಸಿದುದು ರಕ್ತದ ಮೂಲಕ ಉಳಿದ ಮೂರಕ್ಕೂ ಅಲ್ಪವಾಗಿ ತಲಪುವುದುಂಟು. ಆದುದರಿಂದ ನಾಲ್ಕು ಮೊಲೆಗಳ ಹಾಲನ್ನೂ ಬಿಡತಕ್ಕದ್ದು. ಕಾಯಿಸಿದರೆ ಎಲ್ಲವೂ ಹೋಗುವುದೆಂಬ ನಂಬಿಕೆ ತಪ್ಪು. ರೋಗಾಣು ಸಾಯಬಹುದು, ಔಷಧವು ಬಹುಮಟ್ಟಿಗೆ ಉಳಿಯುತ್ತದೆ.

ಅಲ್ಪವಾದರೇನೆಂದು ಕೇಳಬಹುದು. ಆಹಾರಗಳ ಪ್ರಮಾಣವನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಸ್ಥೆಯಾದ ಕೋಡೆಕ್ಸ್ ಆಯೋಗವು ಹಾಲಿನಲ್ಲಿ ಪೆನಿಸಿಲಿನ್ ಕಿಲೋಗ್ರಾಮಿಗೆ 4 ಮೈಕ್ರೋಗ್ರಾಮನ್ನು ಮೀರಬಾರದೆಂದು ಇಟ್ಟಿದೆ. ಒಂದು ಲಕ್ಷ ಯೂನಿಟ್ಟು ಪೆನಿಸಿಲಿನ್ನಿನ ತೂಕ 60 ಮಿಲಿಗ್ರಾಂ. ಅಷ್ಟೂ ಹಾಲಿಗೆ ಬಂದರೆ, ಅದನ್ನು ಈ ಮಿತಿಗೆ ತೆಳುಮಾಡಲು 15,000 ಕಿಲೋಗ್ರಾಂ ಹಾಲು ಬೇಕು. ಒಬ್ಬನ ಒಂದು ಕ್ಯಾನು ಊರಿನವರೆಲ್ಲರ ಹಾಲನ್ನು ಕೆಡಿಸಬಲ್ಲದೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಪೆನಿಸಿಲಿನ್ ಒಗ್ಗದವರು ಜನರಲ್ಲಿ ಉಂಟು. ಅಂಥವರಿಗೆ ಅತ್ಯಲ್ಪವೂ ಮೈಮೇಲೆ ದದ್ದುಗಳನ್ನು ಎಬ್ಬಿಸಬಹುದು. ಮೊಸರಿನ ಹೆಪ್ಪು ಕೂಡ ಸೂಕ್ಷ್ಮಜೀವಿಗಳ ಕೆಲಸವೇ ಆದುದರಿಂದ ಔಷಧವುಳ್ಳ ಹಾಲು ಸರಿಯಾಗಿ ಹೆಪ್ಪುಗಟ್ಟದು. ಹೆಪ್ಪುಗಟ್ಟದ ಹಾಲಿಗೆಲ್ಲ ಇದೇ ಕಾರಣವೆನ್ನಲಾಗದು. ಹೆಪ್ಪುಗಟ್ಟಿತೆಂಬುದರಿಂದಲೇ ಹಾಲು ಶುದ್ಧವೆನ್ನಲೂ ಆಗದು. ಇದೆಲ್ಲಕ್ಕಿಂತ ದೊಡ್ಡ ಕೇಡೆಂದರೆ, ಅರೆಬರೆ ಔಷಧವನ್ನು ಉಂಡು ಬದುಕಿದ ರೋಗಾಣುಗಳು ಅದಕ್ಕೆ ಬಗ್ಗದಂತಾಗುವುದು. ಫ್ಲೆಮಿಂಗರೇ 1945ರಲ್ಲಿ ನೊಬೆಲ್ ಉಪನ್ಯಾಸದಲ್ಲಿ ಇದನ್ನು ಎಚ್ಚರಿಸಿದ್ದರು.

ಔಷಧಕ್ಕೆ ಕಾನೂನಿನ ಕಡಿವಾಣ ಬಿದ್ದುದು ಬಹುಮಟ್ಟಿಗೆ ಅನಾಹುತಗಳಿಂದ. 1937ರಲ್ಲಿ ಅಮೆರಿಕದ ಒಂದು ಕಂಪೆನಿಯು ಸಲ್ಫಾ ಔಷಧವನ್ನು ವಿಷಕಾರಿಯಾದ ದ್ರವದಲ್ಲಿ ಕರಗಿಸಿ, ಪರೀಕ್ಷಿಸದೆ ಮಾರಿತು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಅನೇಕ. ಮಾರುವ ಮೊದಲು ಔಷಧದ ಸುರಕ್ಷತೆಯನ್ನು ತೋರಿಸತಕ್ಕದ್ದೆಂಬ ಶಾಸನವು ಮರುವರ್ಷ ಅಲ್ಲಿ ಬಂದಿತು. ನಮ್ಮ ದೇಶದ ಔಷಧ ಶಾಸನವು 1940ರದು. ದನಗಳ ಔಷಧಕ್ಕೆ ಹಾಲು ಬಿಡುವ ಅವಧಿಯನ್ನು ಗೊತ್ತುಮಾಡುವಾಗ, ಹಸುಗಳಿಗೆ ನಿಯಮಿತ ಪ್ರಮಾಣವನ್ನು ಕೊಟ್ಟು, ಹೊತ್ತುಹೊತ್ತಿನ ಹಾಲನ್ನು ಪರೀಕ್ಷಿಸಿ, ನಿಧಾನವಾಗಿ ಔಷಧವನ್ನು ಕಳೆಯುವ ಹಸುವನ್ನೂ ಗಣನೆಗೆ ತೆಗೆದುಕೊಳ್ಳುವರು. 2012ರಲ್ಲಿ ಸೇರಿಸಿದ ನಿಯಮದಂತೆ ಈ ಅವಧಿಯನ್ನು ಚೀಟಿಯ ಮೇಲೆ ಅಚ್ಚುಮಾಡತಕ್ಕದ್ದು. ಪರೀಕ್ಷೆಯಿಂದ ಅವಧಿಯು ಸಿದ್ಧವಾಗಿಲ್ಲದಿದ್ದರೆ ಹಾಲಿಗೂ ಮೊಟ್ಟೆಗೂ 7 ದಿನಕ್ಕೆ, ಮಾಂಸಕ್ಕೆ 28 ದಿನಕ್ಕೆ ಕಡಿಮೆಯಾಗಕೂಡದು. ಮನುಷ್ಯರಿಗೆ ಕಡೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರ ಕೊಡುವ ಪ್ರಾಣಿಗಳಿಗೆ ಬಳಸುವುದು 2019ರಿಂದ ನಿಷಿದ್ಧ.

ಬಿಟ್ಟ ಹಾಲನ್ನು ಕರುವಿಗೆ ಕುಡಿಸುವುದು ಉಳಿತಾಯವೆಂದು ತೋರಿದರೂ, ಬಗ್ಗದ ರೋಗಾಣುಗಳನ್ನು ಕರುವಿನ ಕರುಳಿನಲ್ಲಿಯೇ ಸಾಕಿದಂತಾಗುತ್ತದೆ. ಕೆರೆ ಹಳ್ಳಗಳಿಗೂ ಸುರಿಯದೆ, ಬಾವಿಯಿಂದ ದೂರದ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚತಕ್ಕದ್ದು. ಔಷಧದ ಹೆಸರನ್ನೂ ಕಡೆಯ ಸಲ ಕೊಟ್ಟ ದಿನ ಮತ್ತು ಹೊತ್ತನ್ನೂ ಕೊಟ್ಟಿಗೆಯ ಗೋಡೆಯ ಮೇಲಾದರೂ ಬರೆದಿಡಬೇಕು. ಅವಧಿಯನ್ನು ಎಣಿಸುವುದು ಕಡೆಯ ಸಲ ಕೊಟ್ಟ ಹೊತ್ತಿನಿಂದ, ಬಾವು ಇಳಿದ ದಿನದಿಂದಲ್ಲ. ಹಾಲು ಬತ್ತಿಸುವಾಗ ಏರಿಸುವ ಔಷಧವು ವಾರಗಟ್ಟಲೆ ನಿಲ್ಲುವಂತೆ ಮಾಡಿದುದು. ಅಂಥ ಹಸು ಗೊತ್ತಾದ ಕಾಲಕ್ಕೆ ಮುಂಚೆ ಈದರೆ, ಗಿಣ್ಣು ಮುಗಿದ ಮೇಲೆಯೂ ಎಷ್ಟು ದಿನ ಹಾಲು ಬಿಡಬೇಕೆಂಬುದನ್ನು ಪಶುವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು.